ಅಟ್ಟದಿಂದಿಳಿದ ಔಷಧಿ ಪೆಟ್ಟಿಗೆ: ಉಜ್ಜಬೇಡಿ, ಮೂಸಬೇಡಿ

ಕೊಡಗು, ಚಿಕ್ಕಮಗಳೂರು ಕಡೆಯ ಹಳೆಯ ತೋಟದ ಬಂಗಲೆಗಳು ಕೈ ಬದಲಾದಾಗ ಅಟ್ಟದಿಂದ ಕೆಲವೊಮ್ಮೆ ಬ್ರಿಟಿಷರ ಕಾಲದ ಪ್ರಯಾಣದ ಔಷಧಿ ಪೆಟ್ಟಿಗೆ ಕೆಳಗಿಳಿಯುತ್ತದೆ. ವಸ್ತು ಸಂರಕ್ಷಣೆಯ ಕೆಲಸದಲ್ಲಿರುವ ನನಗೆ ಆಗ ಬರುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಹಿತ್ತಾಳೆಗೆ ಬ್ರಾಸೋ ಹಾಕಿ ಉಜ್ಜಬಹುದೇ ಸರ್?" ಬೇಡ. ಉಜ್ಜಿದ ಪೆಟ್ಟಿಗೆ ಮದುವೆ ಮನೆಯ ದೀಪದ ಕಂಬದಂತೆ ಹೊಳೆಯಬಹುದು, ಆದರೆ ಪಾಲಿಶ್ ಪಕ್ಕದ ಮರಕ್ಕೆ ಇಳಿದು ಬಿಳಿಯಾಗಿ ಕೂರುತ್ತದೆ. ಸೀಸೆ ತೊಳೆದರಂತೂ ಚೀಟಿಯೂ ಹೋಯಿತು, ಚರಿತ್ರೆಯೂ ಹೋಯಿತು.

ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದವು ಹೆಚ್ಚಾಗಿ ಮಹಾಗನಿ ಮರದವು. ಮೇಲಿನ ಖಾನೆಗಳಲ್ಲಿ ಗಾಜಿನ ಬಿರಡೆಯ ಸೀಸೆಗಳು, ಕೆಳಗಿನ ಡ್ರಾಯರಿನಲ್ಲಿ ಪುಟ್ಟ ತಕ್ಕಡಿ, ಕಲ್ಬತ್ತು, ಅಳತೆಯ ಗಾಜು. ತೂಕವೆಲ್ಲ ಗ್ರೇನ್ ಲೆಕ್ಕದಲ್ಲಿ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ, ಅಕ್ಕಸಾಲಿಗರ ಗುಲಗಂಜಿಯ ಅರ್ಧಕ್ಕಿಂತ ತುಸು ಹೆಚ್ಚು. ಕೆಲವು ಪೆಟ್ಟಿಗೆಗಳ ಒಳಗೆ ಹಿತ್ತಾಳೆಯ ಸಣ್ಣ ಕಡ್ಡಿಯೊಂದಿರುತ್ತದೆ. ಅದನ್ನು ಎಳೆದರೆ ಬೆನ್ನಿನ ಹಲಗೆ ಪಕ್ಕಕ್ಕೆ ಜಾರಿ ಇನ್ನೊಂದು ಸಾಲು ಸೀಸೆಗಳು ಕಾಣುತ್ತವೆ. ಅಫೀಮಿನ ದ್ರಾವಣದಂಥ ವಿಷದ ಮದ್ದುಗಳನ್ನು ಮಕ್ಕಳು, ಆಳುಗಳ ಕೈಗೆ ಸಿಗದಂತೆ ಇಡುತ್ತಿದ್ದ ಜಾಗ ಅದು. ಮಾಲೀಕರಿಗೇ ಗೊತ್ತಿಲ್ಲದಿರುವುದು ಅಪರೂಪವೇನಲ್ಲ.

1880ರಲ್ಲಿ ಲಂಡನ್ನಿನಲ್ಲಿ ಬರೋಸ್ ವೆಲ್‌ಕಮ್ ಎಂಬ ಔಷಧಿ ಕಂಪನಿ ಶುರುವಾದ ಮೇಲೆ ಚಿತ್ರ ಬದಲಾಯಿತು. ಯಂತ್ರದಲ್ಲಿ ಒತ್ತಿದ, ಪ್ರಮಾಣ ನಿಗದಿಯಾದ ಗುಳಿಗೆ ಬಂದಾಗ ತಕ್ಕಡಿಯೂ ಬೇಡ, ಕಲ್ಬತ್ತೂ ಬೇಡ. ಮರದ ಜಾಗಕ್ಕೆ ಹಗುರವಾದ ತಗಡಿನ ಡಬ್ಬಿ ಸಾಕಾಯಿತು. ಕಂಪನಿಯವರು ಪ್ರಚಾರದಲ್ಲಿ ಚತುರರು. 1887ರಲ್ಲಿ ಆಫ್ರಿಕಾಕ್ಕೆ ಹೊರಟ ಹೆಸರಾಂತ ಅನ್ವೇಷಕ ಹೆನ್ರಿ ಸ್ಟ್ಯಾನ್ಲಿಗೆ ಪೆಟ್ಟಿಗೆಗಳನ್ನು ಪುಕ್ಕಟೆಯಾಗಿ ಕೊಟ್ಟು, ಆ ಹೆಸರನ್ನು ಜಾಹೀರಾತಿನಲ್ಲಿ ಚೆನ್ನಾಗಿಯೇ ದುಡಿಸಿಕೊಂಡರು.

ನಾನು ಮೊದಲು ನೋಡುವುದು ಯಾವ ಸೀಸೆ ಎಷ್ಟು ಖಾಲಿಯಾಗಿದೆ ಎಂದು. ಮಲೇರಿಯಾ ಕಾಡುತ್ತಿದ್ದ ಸೀಮೆಯಲ್ಲಿ ಓಡಾಡಿದ ಪೆಟ್ಟಿಗೆಯಲ್ಲಿ ಕ್ವಿನೈನ್ ತಳ ಕಂಡಿದ್ದರೆ ಆಶ್ಚರ್ಯವಿಲ್ಲ. ರಕ್ತಭೇದಿಗೆ ಇಪಿಕಾಕ್ ಎಂಬ ಬೇರಿನ ಮದ್ದು, ಬೆವರಿಳಿಸಲು ಇಪಿಕಾಕ್ ಮತ್ತು ಅಫೀಮು ಬೆರೆಸಿದ ಡೋವರ್ ಪುಡಿ, ಯಾವ ಕಾಯಿಲೆಯಾದರೂ ಭೇದಿ ಮಾಡಿಸಲು ಕ್ಯಾಲೊಮೆಲ್ ಎಂಬ ಪಾದರಸದ ಲವಣ. ಭಾರತದಲ್ಲಿ ಸೇನಾ ವೈದ್ಯನಾಗಿದ್ದ ಜಾನ್ ಕಾಲಿಸ್ ಬ್ರೌನ್ ಕಾಲರಾಕ್ಕೆಂದು ರೂಪಿಸಿದ ಕ್ಲೋರೋಡೈನ್‌ನಲ್ಲಿ ಅಫೀಮು, ಕ್ಲೋರೋಫಾರಂ, ಗಾಂಜಾ ಮೂರೂ ಇದ್ದವು. ನೋವು ಹೋಗುತ್ತಿತ್ತು ಎನ್ನುವುದರಲ್ಲಿ ಅನುಮಾನವಿಲ್ಲ!

ಈ ಮದ್ದುಗಳಲ್ಲಿ ಕೆಲವು ಹಳತಾದಷ್ಟೂ ಕೆಡುಕಾಗುತ್ತವೆ. ಬಿಳಿಯ ಕ್ಯಾಲೊಮೆಲ್ ಬೆಳಕು ತಾಗಿ ಬೂದುಬಣ್ಣಕ್ಕೆ ತಿರುಗಿದ್ದರೆ ಅದು ಪಾದರಸವಾಗಿಯೂ ಅದಕ್ಕಿಂತ ಉಗ್ರವಾದ ಪಾದರಸದ ಲವಣವಾಗಿಯೂ ಒಡೆಯುತ್ತಿದೆ ಎಂದು ತಿಳಿಯಿರಿ. ಕ್ಲೋರೋಫಾರಂ ಗಾಳಿ, ಬೆಳಕುಗಳಿಂದ ಫಾಸ್ಜೀನ್ ಎಂಬ ವಿಷಾನಿಲ ಕಟ್ಟಿಕೊಳ್ಳಬಲ್ಲದು. ಮೂಸಿ ನೋಡಬೇಡಿ ಎನ್ನುವುದು ಅದಕ್ಕೇ. ಮೈಮೇಲೆ ಏಣುಗಳಿರುವ ಕಡುನೀಲಿ ಅಥವಾ ಹಸಿರು ಸೀಸೆ ಸಿಕ್ಕರೆ ಅದು ವಿಷದ್ದು. ಕತ್ತಲಲ್ಲೂ ಬೆರಳಿಗೆ ತಿಳಿಯಲೆಂದು ಹಾಗೆ ಮಾಡುತ್ತಿದ್ದರು. ಇಪ್ಪತ್ತನೆಯ ಶತಮಾನದ ಆರಂಭದ ಪೆಟ್ಟಿಗೆಗಳಲ್ಲಿ ನನಗೆ ನಿಜಕ್ಕೂ ಭಯ ಹುಟ್ಟಿಸುವುದು ಸುಟ್ಟಗಾಯಕ್ಕೆ ಬಳಸುತ್ತಿದ್ದ ಹಳದಿಯ ಪಿಕ್ರಿಕ್ ಆಮ್ಲ. ಒಣಗಿದರೆ ಅದು ಸ್ಫೋಟಕ. ಬಿರಡೆಯ ಸುತ್ತ ಹಳದಿ ಹರಳು ಕಂಡರೆ ತಿರುಗಿಸುವುದಿರಲಿ, ಅಲುಗಿಸಲೂ ಬಾರದು, ಅಗ್ನಿಶಾಮಕದವರಿಗೆ ತಿಳಿಸಿ.

ಉಳಿದಂತೆ, ಇದ್ದಲ್ಲೇ ಎಲ್ಲ ಕೋನಗಳಿಂದ ಫೋಟೊ ತೆಗೆಯಿರಿ. ಕೈಗವಸು ಹಾಕಿ, ಒಣ ಮೆತ್ತನೆಯ ಕುಂಚದಿಂದ ಮರದ ಧೂಳನ್ನಷ್ಟೇ ತೆಗೆಯಿರಿ. ಅಂಟಿಕೊಂಡ ಬಿರಡೆಯನ್ನು ಬಿಸಿನೀರಿನಿಂದ ಬಿಡಿಸುವ ಉಪಾಯ ಇಲ್ಲಿ ಬೇಡ. ಅಫೀಮು ಉಳಿದಿರುವ ಸೀಸೆಗಳ ವಿಚಾರದಲ್ಲಿ 1985ರ ಮಾದಕ ವಸ್ತು ಕಾಯ್ದೆ ನೆನಪಿರಲಿ, ವಕೀಲರನ್ನು ಕೇಳಿ. ನೂರು ವರ್ಷ ದಾಟಿದ ಪೆಟ್ಟಿಗೆಯಾದರೆ 1972ರ ಪುರಾವಸ್ತು ಕಾಯ್ದೆಯೂ ಅಡ್ಡಬರಬಹುದು: ಅಂಥ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಅಮೆರಿಕದಲ್ಲಿರುವ ಮಗನ ಮನೆಗೆ ಒಯ್ಯುವ ಯೋಚನೆಯಿದ್ದರೆ, ಟಿಕೆಟ್ ಮಾಡಿಸುವ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಕಚೇರಿಯಲ್ಲಿ ಅದರ ವಯಸ್ಸಿನ ಬಗ್ಗೆ ವಿಚಾರಿಸಿ.