ಇದೆ ಎನ್ನುವ ಮಾತು, ಇರಬೇಕು ಎನ್ನುವ ಮಾತು

1066ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ಬಾಲದ ಚುಕ್ಕಿಯೊಂದು ಕಾಣಿಸಿತು. ಇವತ್ತು ನಾವು ಹ್ಯಾಲಿ ಎಂದು ಕರೆಯುವ ಧೂಮಕೇತು ಅದು. ಏನೋ ಕೇಡು ಕಾದಿದೆ ಎಂದು ಜನ ಹೆದರಿದರು. ಅದೇ ವರ್ಷ ಅಕ್ಟೋಬರ್ 14ರಂದು ಹೇಸ್ಟಿಂಗ್ಸ್ ಕದನದಲ್ಲಿ ದೊರೆ ಹೆರಾಲ್ಡ್ ಸತ್ತ. ಆದರೆ ಅದೇ ಧೂಮಕೇತು ಕಡಲಾಚೆಯ ನಾರ್ಮಂಡಿಯ ಮೇಲೂ ಹಾದುಹೋಗಿತ್ತು. ಅಲ್ಲಿಂದ ದಂಡೆತ್ತಿ ಬಂದ ವಿಲಿಯಮ್‌ಗೆ ಇಂಗ್ಲೆಂಡಿನ ಸಿಂಹಾಸನ ಸಿಕ್ಕಿತು. ಹಾಗಾದರೆ ಅದು ಕೇಡಿನ ಚುಕ್ಕಿಯೋ ಭಾಗ್ಯದ ಚುಕ್ಕಿಯೋ?

ಈ ಕಥೆಯೊಳಗೆ ಮೂರು ಬೇರೆ ಬೇರೆ ಮಾತುಗಳಿವೆ. ‘1066ರಲ್ಲಿ ಧೂಮಕೇತು ಕಾಣಿಸಿತು’ ಎನ್ನುವುದು ಸಂಗತಿಯ ಮಾತು. ‘ವಿಲಿಯಮ್ ಗೆದ್ದದ್ದು ಒಳ್ಳೆಯದಾಯಿತು’ ಎನ್ನುವುದು ಮೌಲ್ಯದ ಮಾತು, ಒಂದು ಬೆಲೆಕಟ್ಟುವಿಕೆ. ಇವೆರಡನ್ನು ಯಾರು ಬೇಕಾದರೂ ಬಿಡಿಸಬಲ್ಲರು. ತೊಡಕಿರುವುದು ಮೂರನೆಯದರಲ್ಲಿ: ‘ಧೂಮಕೇತು ಬಂದರೆ ದೊರೆ ಸಾಯುತ್ತಾನೆ.’ ಇದು ಯಾವ ಬಗೆಯ ಮಾತು?

ಇಂಥದ್ದನ್ನು ‘ನಂಬಿಕೆ’ ಎಂದು ಕರೆದು, ಅವರವರ ಅಭಿಪ್ರಾಯ ಬಿಡಿ ಎಂದು ಸುಮ್ಮನಾಗುವುದು ನಮ್ಮ ರೂಢಿ. ನನಗೆ ಇದು ತುಂಬ ಅಪಾಯಕಾರಿಯಾಗಿ ಕಾಣುತ್ತದೆ. ಯಾಕೆಂದರೆ ಅದು ಪಕ್ಕಾ ಸಂಗತಿಯ ಮಾತು. ಧೂಮಕೇತುಗಳು ಬಂದ ವರ್ಷಗಳು ಗೊತ್ತು, ದೊರೆಗಳು ಸತ್ತ ವರ್ಷಗಳೂ ಗೊತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ನೋಡಿದರೆ ಮಾತು ಸುಳ್ಳು ಎಂದು ತಿಳಿಯುತ್ತದೆ, ಅಷ್ಟೇ.

ಸಂಗತಿಯ ಮಾತು ಎಂದರೆ ನಿಜವಾದ ಮಾತು ಎಂದು ಅರ್ಥವಲ್ಲ. ನೋಡಿ, ಅಳೆದು, ಎಣಿಸಿ ಸರಿಯೋ ತಪ್ಪೋ ಎಂದು ತೀರ್ಮಾನಿಸಬಹುದಾದ ಮಾತು ಎಂದು ಅರ್ಥ. ವಿಮರ್ಶಾತ್ಮಕ ಚಿಂತನೆಯ ಪಾಠಗಳಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ತಾವು ಒಪ್ಪುವುದನ್ನೆಲ್ಲ ಸಂಗತಿ ಎನ್ನುತ್ತಾರೆ, ಒಪ್ಪದಿರುವುದನ್ನೆಲ್ಲ ಅಭಿಪ್ರಾಯ ಎನ್ನುತ್ತಾರೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2018ರಲ್ಲಿ 5,035 ವಯಸ್ಕರ ಮುಂದೆ ಐದು ಸಂಗತಿಯ ಮಾತುಗಳನ್ನೂ ಐದು ಅಭಿಪ್ರಾಯದ ಮಾತುಗಳನ್ನೂ ಇಟ್ಟಿತು. ಐದೂ ಸಂಗತಿಗಳನ್ನು ಸರಿಯಾಗಿ ಗುರುತಿಸಿದವರು ಶೇ. 26 ಮಂದಿ, ಐದೂ ಅಭಿಪ್ರಾಯಗಳನ್ನು ಗುರುತಿಸಿದವರು ಶೇ. 35 ಮಂದಿ. ತಮ್ಮ ಪಕ್ಷಕ್ಕೆ ಹಿತವಾಗುವ ಮಾತು ಎದುರಾದಾಗ ಅದಕ್ಕೆ ‘ಸಂಗತಿ’ ಎಂಬ ಚೀಟಿ ಅಂಟಿಸುವ ಒಲವು ಡೆಮಾಕ್ರಟಿಕ್, ರಿಪಬ್ಲಿಕನ್ ಎರಡೂ ಪಕ್ಷದವರಲ್ಲಿ ಕಂಡಿತು.

1910ರಲ್ಲಿ ಹ್ಯಾಲಿ ಮತ್ತೆ ಬಂದಾಗ ನಡೆದದ್ದು ನೆನಪಿಡುವಂಥದ್ದು. ಖಗೋಳ ವಿಜ್ಞಾನಿಗಳು ಅದರ ಬೆಳಕನ್ನು ಬಿಡಿಸಿ ನೋಡಿದಾಗ ಸಯನೋಜೆನ್ ಎಂಬ ವಿಷಾನಿಲದ ಗುರುತು ಸಿಕ್ಕಿತು. ಮೇ ತಿಂಗಳಲ್ಲಿ ಭೂಮಿ ಆ ಬಾಲದೊಳಗೆ ಹಾದುಹೋಗುವ ಲೆಕ್ಕವಿತ್ತು. ಎಲ್ಲರೂ ಉಸಿರುಗಟ್ಟಿ ಸಾಯುತ್ತಾರೆ ಎಂಬ ಸುದ್ದಿ ಹಬ್ಬಿತು. ಕೆಲವರು ಕಿಟಕಿ ಬಾಗಿಲಿನ ಸಂದುಗಳನ್ನು ಮುಚ್ಚಿಕೊಂಡರು. ಧೂಮಕೇತುವಿಗೆಂದೇ ಮಾತ್ರೆಗಳು ಮಾರಾಟವಾದವು. ಬಾಲದ ಅನಿಲ ಎಷ್ಟು ತೆಳುವಾಗಿತ್ತೆಂದರೆ ಯಾರಿಗೂ ಏನೂ ಆಗಲಿಲ್ಲ. ‘ಸಾಯುತ್ತೇವೆ’ ಎಂಬುದು ಸಂಗತಿಯ ಮಾತಾಗಿದ್ದರಿಂದಲೇ ಅದು ಸುಳ್ಳೆಂದು ಗೊತ್ತಾಯಿತು. ‘ಇದು ನಮ್ಮ ನಂಬಿಕೆ, ಪ್ರಶ್ನಿಸಬೇಡಿ’ ಎಂದು ಇಂಥ ಮಾತಿಗೆ ಬೇಲಿ ಹಾಕಿದರೆ ಅದನ್ನು ಪರೀಕ್ಷಿಸುವ ಅವಕಾಶವೇ ಉಳಿಯುವುದಿಲ್ಲ. ಮೋಸ ಮಾಡುವವರಿಗೆ ಬೇಕಾಗಿರುವುದೂ ಅದೇ.

ವಿಜ್ಞಾನಿಗಳ ತಪ್ಪು ಮಾತುಗಳೂ ಇದೇ ಜಾತಿಗೆ ಸೇರುತ್ತವೆ. ಭೂಮಿಯ ವಯಸ್ಸು 2ರಿಂದ 4 ಕೋಟಿ ವರ್ಷ ಎಂದು 1897ರಲ್ಲಿ ಲಾರ್ಡ್ ಕೆಲ್ವಿನ್ ಹೇಳಿದರು. ಆ ಕಾಲದ ದೊಡ್ಡ ಭೌತವಿಜ್ಞಾನಿ, ಲೆಕ್ಕದಲ್ಲಿ ಗಟ್ಟಿಗ. ಆದರೂ ನೂರು ಪಟ್ಟಿಗಿಂತ ಜಾಸ್ತಿ ತಪ್ಪು. 1956ರಲ್ಲಿ ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಗಳಲ್ಲಿರುವ ಸೀಸದ ಐಸೋಟೋಪುಗಳನ್ನು, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳನ್ನು, ಅಳೆದು 455 ಕೋಟಿ ವರ್ಷ ಎಂದರು. ಇವತ್ತಿಗೂ ಆ ಅಂಕಿ ಹೆಚ್ಚುಕಮ್ಮಿ ಹಾಗೆಯೇ ಉಳಿದಿದೆ. ಕೆಲ್ವಿನ್ ಹೇಳಿದ್ದು ಅಭಿಪ್ರಾಯ, ಪ್ಯಾಟರ್ಸನ್ ಹೇಳಿದ್ದು ಸಂಗತಿ ಎನ್ನಲಾಗದು. ಎರಡೂ ಸಂಗತಿಯ ಮಾತುಗಳೇ. ಒಂದು ತಪ್ಪಾಯಿತು, ಒಂದು ನಿಂತಿತು.

ಪ್ಯಾಟರ್ಸನ್ ಅವರ ಕಥೆಯನ್ನು ಇಲ್ಲಿಗೇ ಬಿಡಲು ನನಗೆ ಮನಸ್ಸಿಲ್ಲ. ಸಂಗತಿ ಮತ್ತು ಮೌಲ್ಯ ಒಂದೇ ಪದದೊಳಗೆ ಹೇಗೆ ಬೆಸೆದುಕೊಳ್ಳುತ್ತವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಕಲ್ಲಿನೊಳಗಿನ ತುಸುವೇ ಸೀಸವನ್ನು ಅಳೆಯಲು ಹೊರಟ ಪ್ಯಾಟರ್ಸನ್‌ಗೆ ಒಂದು ಕಾಟ ಶುರುವಾಯಿತು. ಎಷ್ಟು ಶುಚಿಯಾಗಿ ಕೆಲಸ ಮಾಡಿದರೂ ಅಳತೆಯಲ್ಲಿ ಹೊರಗಿನ ಸೀಸ ಬಂದು ಸೇರುತ್ತಿತ್ತು. ಗಾಳಿಯಲ್ಲಿ, ದೂಳಿನಲ್ಲಿ, ಚರ್ಮದ ಮೇಲೆ, ಎಲ್ಲೆಲ್ಲೂ ಸೀಸ. ಪ್ರಯೋಗಾಲಯದ ಮೂಲೆಮೂಲೆಯನ್ನೂ ತಿಕ್ಕಿ ತೊಳೆದು, ಗಾಳಿಯನ್ನು ಸೋಸಿ ಒಳಬಿಟ್ಟ ಮೇಲೆಯೇ ಸರಿಯಾದ ಅಳತೆ ಸಿಕ್ಕಿದ್ದು. ಆಮೇಲೆ ಅವರ ತಲೆಯಲ್ಲಿ ಉಳಿದ ಪ್ರಶ್ನೆ: ಇಷ್ಟೊಂದು ಸೀಸ ಬಂತು ಎಲ್ಲಿಂದ? ಒಂದು ದೊಡ್ಡ ಮೂಲ ಪೆಟ್ರೋಲ್. ಎಂಜಿನ್ ಬಡಿತ ತಪ್ಪಿಸಲೆಂದು 1920ರ ದಶಕದಿಂದ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುತ್ತಿದ್ದರು.

ಆಗ ಈ ವಿಷಯದಲ್ಲಿ ಕೊನೆಯ ಮಾತು ಹೇಳುತ್ತಿದ್ದವರು ಉದ್ಯಮದ ಹಣದಲ್ಲಿ ಸಂಶೋಧನೆ ನಡೆಸುತ್ತಿದ್ದ ರಾಬರ್ಟ್ ಕೀಹೋ. ಎಲ್ಲರ ರಕ್ತದಲ್ಲೂ ಒಂದಿಷ್ಟು ಸೀಸ ಇದೆ, ಅದು ಸಹಜ, ದೇಹಕ್ಕೆ ಅದನ್ನು ನಿಭಾಯಿಸುವುದು ಗೊತ್ತು ಎಂಬುದು ಅವರ ವಾದ. 1965ರಲ್ಲಿ ಪ್ಯಾಟರ್ಸನ್ ಇದರ ಬುಡಕ್ಕೇ ಕೈ ಹಾಕಿದರು. ಎಲ್ಲರಲ್ಲೂ ಕಾಣುವ ಮಟ್ಟ ಒಂದು, ಮನುಷ್ಯ ಸೀಸವನ್ನು ಅಗೆದು ಹರಡುವ ಮೊದಲು ದೇಹದಲ್ಲಿ ಇದ್ದಿರಬಹುದಾದ ಮಟ್ಟ ಇನ್ನೊಂದು ಎಂದರು. ಎರಡರ ನಡುವೆ ಸುಮಾರು ನೂರು ಪಟ್ಟು ಅಂತರ ಇದೆ ಎಂಬುದು ಅವರ ಅಂದಾಜು.

‘ಸಾಮಾನ್ಯ ಮಟ್ಟ’ ಎಂಬ ಮಾತನ್ನು ಈಗ ಬಿಡಿಸಿ ನೋಡಿ. ಜಾಸ್ತಿ ಜನರಲ್ಲಿ ಇಷ್ಟು ಸೀಸ ಇದೆ: ಇದು ಎಣಿಕೆ, ಸಂಗತಿ. ಮೊದಲಿನಿಂದಲೂ ಇಷ್ಟೇ ಇತ್ತು: ಇದೂ ಸಂಗತಿಯ ಮಾತೇ, ಆದರೆ ಬೇರೆ ಸಂಗತಿ, ಅದೂ ತಪ್ಪು. ಇದರಿಂದ ಹಾನಿಯಿಲ್ಲ: ಮೂರನೆಯ ಸಂಗತಿ, ಅದಕ್ಕೆ ಬೇರೆಯೇ ಪುರಾವೆ ಬೇಕು. ಇಷ್ಟಿದ್ದರೆ ಪರವಾಗಿಲ್ಲ, ಸುಮ್ನಿರಬಹುದು: ಇದು ಮೌಲ್ಯದ ತೀರ್ಮಾನ. ನಾಲ್ಕೂ ಒಂದೇ ‘ಸಾಮಾನ್ಯ’ದ ಬೆನ್ನೇರಿ ಬಂದವು. ಮೊದಲನೆಯದಕ್ಕೆ ಮಾತ್ರ ಪುರಾವೆ ಕೊಟ್ಟು ನಾಲ್ಕನೆಯದನ್ನೂ ಒಪ್ಪಿಸಿಬಿಟ್ಟರು. ಕೇಳಿದವರಿಗೆ ತಾವು ಯಾವಾಗ ಗೆರೆ ದಾಟಿದೆವು ಎಂಬುದೇ ತಿಳಿಯಲಿಲ್ಲ.

ಸ್ಕಾಟ್‌ಲೆಂಡಿನ ತತ್ವಶಾಸ್ತ್ರಜ್ಞ ಡೇವಿಡ್ ಹ್ಯೂಮ್ ಇದನ್ನು 1740ರಲ್ಲೇ ಗಮನಿಸಿದ್ದ. ಆಗ ಅವನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ನೀತಿಯ ಬಗ್ಗೆ ಬರೆಯುವವರು ಮೊದಲು ‘ಇದೆ’, ‘ಇಲ್ಲ’ ಎಂದು ಹೇಳುತ್ತಾ ಹೋಗುತ್ತಾರೆ, ಇದ್ದಕ್ಕಿದ್ದಂತೆ ‘ಇರಬೇಕು’, ‘ಇರಬಾರದು’ ಎಂದು ಶುರುಮಾಡುತ್ತಾರೆ, ನಡುವೆ ಸೇತುವೆ ಯಾವುದು ಎಂದು ಮಾತ್ರ ಹೇಳುವುದಿಲ್ಲ ಎಂದು ಬರೆದ. ಬರೀ ‘ಇದೆ’ಗಳನ್ನು ಎಷ್ಟು ಪೇರಿಸಿದರೂ ಅದರಿಂದ ‘ಇರಬೇಕು’ ಹುಟ್ಟುವುದಿಲ್ಲ. ತಕ್ಕಡಿ ತೂಕ ಹೇಳುತ್ತದೆ. ಕೊಳ್ಳಬೇಕೋ ಬೇಡವೋ ಎಂದು ಹೇಳುವುದಿಲ್ಲ. ಆ ತೀರ್ಮಾನಕ್ಕೆ ಕೊನೇ ಪಕ್ಷ ಒಂದಾದರೂ ಮೌಲ್ಯದ ಮಾತು ಎಲ್ಲಿಂದಲೋ ಬಂದು ಸೇರಿರಬೇಕು. ‘ಸೀಸ ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ’ ಎಂಬುದರಿಂದ ನೇರವಾಗಿ ‘ಸೀಸದ ಪೆಟ್ರೋಲ್ ನಿಲ್ಲಿಸಬೇಕು’ ಎಂಬಲ್ಲಿಗೆ ಹೋಗಲಾಗದು. ‘ಮಕ್ಕಳ ಮಿದುಳು ಅಗ್ಗದ ಇಂಧನಕ್ಕಿಂತ ಮುಖ್ಯ’ ಎಂಬ ಮಾತು ನಡುವೆ ಇದೆ. ನಮಗೆಲ್ಲ ಅದು ಎಷ್ಟು ಸಹಜವೆಂದರೆ ನಾವು ಅದನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ. ಹೇಳದೆ ಇರುವುದರಿಂದಲೇ ಅದು ಅಲ್ಲಿದೆ ಎಂದು ಕಾಣುವುದಿಲ್ಲ.

ಈ ಜಿಗಿತ ಎಲ್ಲ ಸಲವೂ ಒಳ್ಳೆಯ ಕಡೆಗೇ ಆಗುವುದಿಲ್ಲ. ‘ಕೆಲವು ಗುಣಗಳು ವಂಶದಲ್ಲಿ ಹರಿಯುತ್ತವೆ’ ಎಂಬ ಸಂಗತಿಯಿಂದ ‘ಕೆಲವರಿಗೆ ಮಕ್ಕಳಾಗಬಾರದು’ ಎಂಬ ತೀರ್ಮಾನಕ್ಕೆ, ಆಯ್ದವರಿಗಷ್ಟೇ ಮಕ್ಕಳಾಗುವಂತೆ ಮಾಡಿ ಮನುಷ್ಯ ತಳಿಯನ್ನು ಸುಧಾರಿಸಬೇಕು ಎನ್ನುತ್ತಿದ್ದ ಸುಜನನವಾದಿಗಳು ಜಿಗಿದರು. ಅಮೆರಿಕದ ಸುಪ್ರೀಂ ಕೋರ್ಟ್ 1927ರಲ್ಲಿ ಅದಕ್ಕೆ ಮುದ್ರೆ ಒತ್ತಿತು. ಆ ದೇಶದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಆಯಿತು. ಬಡತನವೂ ವಂಶದಿಂದಲೇ ಬರುತ್ತದೆ ಎಂಬಂಥ ಅವರ ಸಂಗತಿಗಳೇ ಸುಳ್ಳಾಗಿದ್ದವು ಎಂದು ನಾವು ಈಗ ಹೇಳುತ್ತೇವೆ. ಅದು ಸರಿ. ಆದರೆ ಅವೆಲ್ಲ ನಿಜವೇ ಆಗಿದ್ದರೂ ಆ ತೀರ್ಮಾನ ಹುಟ್ಟುತ್ತಿರಲಿಲ್ಲ. ಎರಡು ತಪ್ಪುಗಳನ್ನೂ ಬೇರೆ ಬೇರೆಯಾಗಿ ಹಿಡಿಯಬೇಕು. ಇಲ್ಲದಿದ್ದರೆ ನಾಳೆ ಯಾರೋ ಸರಿಯಾದ ಅಂಕಿಗಳನ್ನು ಹಿಡಿದು ಅದೇ ತೀರ್ಮಾನದೊಂದಿಗೆ ಬಂದಾಗ ನಮ್ಮ ಬಾಯಿ ಕಟ್ಟಿಹೋಗುತ್ತದೆ.

ಇಷ್ಟು ಓದಿದವರಿಗೆ ಸಂಗತಿ ವಿಜ್ಞಾನದ್ದು, ಮೌಲ್ಯ ಉಳಿದವರದ್ದು ಎಂದು ಅನಿಸಬಹುದು. ವಿಷಯ ಅಷ್ಟು ಸಲೀಸಾಗಿಲ್ಲ. ಮತ್ತೆ ಸೀಸವನ್ನೇ ನೋಡೋಣ. ಮಕ್ಕಳ ರಕ್ತದಲ್ಲಿ ಎಷ್ಟು ಸೀಸ ಕಂಡರೆ ಎಚ್ಚೆತ್ತುಕೊಳ್ಳಬೇಕು ಎಂಬುದಕ್ಕೆ ಅಮೆರಿಕದ ಆರೋಗ್ಯ ಇಲಾಖೆ ಒಂದು ಗೆರೆ ಎಳೆಯುತ್ತದೆ. 1960ರ ದಶಕದಲ್ಲಿ ಅದು ನೂರು ಮಿಲಿಲೀಟರ್ ರಕ್ತಕ್ಕೆ 60 ಮೈಕ್ರೋಗ್ರಾಂ ಇತ್ತು. 1975ರಲ್ಲಿ 30 ಆಯಿತು, 1985ರಲ್ಲಿ 25, 1991ರಲ್ಲಿ 10, 2012ರಲ್ಲಿ 5, 2021ರಲ್ಲಿ 3.5. ಸೀಸದ ಗುಣ ಬದಲಾಯಿತೇ? ಇಲ್ಲ. ಕಡಿಮೆ ಸೀಸದಿಂದಲೂ ಹಾನಿಯಿದೆ ಎಂಬ ಪುರಾವೆ ಬೆಳೆಯುತ್ತಾ ಬಂತು, ಅದು ಸಂಗತಿಯ ಪಾಲು. ಎಷ್ಟು ಹಾನಿಯನ್ನು ನಾವು ಸಹಿಸಲಾರೆವು ಎಂಬುದೂ ಬದಲಾಗುತ್ತಾ ಬಂತು, ಅದು ಮೌಲ್ಯದ ಪಾಲು. ಒಂದೇ ಅಂಕಿಯಲ್ಲಿ ಎರಡೂ ಇವೆ.

ಈಗಿನ 3.5 ಎಂಬುದಕ್ಕೆ ಇನ್ನೊಂದು ವಿಶೇಷವಿದೆ. ಅದರ ಕೆಳಗೆ ಸುರಕ್ಷಿತ ಎಂದೇನೂ ಇಲ್ಲ. ಸೀಸಕ್ಕೆ ಸುರಕ್ಷಿತ ಮಟ್ಟವೇ ಈವರೆಗೆ ಕಂಡುಬಂದಿಲ್ಲ. ಒಂದರಿಂದ ಐದು ವರ್ಷದ ಮಕ್ಕಳನ್ನೆಲ್ಲ ಸೀಸದ ಪ್ರಮಾಣದಂತೆ ಸಾಲಾಗಿ ನಿಲ್ಲಿಸಿದರೆ ಅತಿ ಹೆಚ್ಚು ಸೀಸವಿರುವ ತುದಿಯ ಶೇ. 2.5 ಮಕ್ಕಳು ಎಲ್ಲಿಂದ ಶುರುವಾಗುತ್ತಾರೋ ಆ ಜಾಗ ಅದು. ಅಂದರೆ ಎಲ್ಲ ಮಕ್ಕಳಲ್ಲೂ ಸೀಸ ತಗ್ಗಿದರೆ ಗೆರೆಯನ್ನೂ ಮತ್ತೆ ತಗ್ಗಿಸಬಹುದು. 3.5 ಸಂಗತಿಯೇ, ಎಣಿಸಿ ಪಡೆದದ್ದು. ಆದರೆ ‘ತುದಿಯ ಶೇ. 2.5 ಮಕ್ಕಳಿಗೆ ಮೊದಲು ನೆರವಾಗೋಣ’ ಎಂಬುದನ್ನು ಯಾವ ಎಣಿಕೆಯೂ ಹೇಳಿಕೊಡಲಿಲ್ಲ. ಅದನ್ನು ಮನುಷ್ಯರು ಕೂತು ಆರಿಸಿದರು.

ಇದು ಸೀಸಕ್ಕಷ್ಟೇ ಸೀಮಿತವಲ್ಲ. 1953ರಲ್ಲಿ ರಿಚರ್ಡ್ ರಡ್ನರ್ ಎಂಬ ತತ್ವಶಾಸ್ತ್ರಜ್ಞ ಒಂದು ವಾದ ಮುಂದಿಟ್ಟ. ಯಾವ ಪುರಾವೆಯೂ ನೂರಕ್ಕೆ ನೂರು ಅಲ್ಲ. ಹಾಗಾಗಿ ‘ಇಷ್ಟು ಪುರಾವೆ ಸಾಕು, ಒಪ್ಪೋಣ’ ಎಂದು ವಿಜ್ಞಾನಿ ಎಲ್ಲೋ ಒಂದು ಕಡೆ ನಿಲ್ಲಿಸಲೇಬೇಕು. ಎಲ್ಲಿ ನಿಲ್ಲಿಸಬೇಕು ಎಂಬುದು ತಪ್ಪಾದರೆ ಯಾರಿಗೆ ಎಷ್ಟು ನಷ್ಟ ಎಂಬುದರ ಮೇಲೆ ನಿಂತಿದೆ. ಔಷಧದಲ್ಲಿ ವಿಷ ಉಳಿದಿಲ್ಲ ಎನ್ನಲು ಬೇಕಾಗುವ ಪುರಾವೆಯೂ ಯಂತ್ರದಿಂದ ಬಂದ ಬೆಲ್ಟ್ ಬಕಲ್‌ಗಳು ಸರಿಯಿವೆ ಎನ್ನಲು ಬೇಕಾಗುವ ಪುರಾವೆಯೂ ಒಂದೇ ಅಲ್ಲ. ಸರಿ ತಾನೇ? ಹಿಗ್ಸ್ ಎಂಬ ಮೂಲಕಣ ಸಿಕ್ಕಿತು ಎಂದು 2012ರ ಜುಲೈ 4ರಂದು ಯುರೋಪಿನ ಕಣ ಭೌತವಿಜ್ಞಾನ ಪ್ರಯೋಗಾಲಯ ಸರ್ನ್ ಸಾರಿದಾಗ ಅಲ್ಲಿನವರು ಇಟ್ಟುಕೊಂಡಿದ್ದ ಅಳತೆ ತೀರ ಬಿಗಿ. ಅಂಥ ಕಣ ಇಲ್ಲವೇ ಇಲ್ಲ ಎಂದುಕೊಂಡರೂ ಕಾಕತಾಳೀಯವಾಗಿ ಅಂಥ ಗುರುತು ಕಾಣುವ ಸಾಧ್ಯತೆ ಸುಮಾರು 35 ಲಕ್ಷದಲ್ಲಿ ಒಂದು. ಬೇರೆ ಎಷ್ಟೋ ವಿಜ್ಞಾನ ಶಾಖೆಗಳಲ್ಲಿ 20ರಲ್ಲಿ ಒಂದು ಸಾಕು ಎನ್ನುತ್ತಾರೆ. ಈ ಗೆರೆ ಪ್ರಕೃತಿಯಲ್ಲಿ ಬರೆದಿಟ್ಟದ್ದಲ್ಲ. ಆದರೆ ಗೆರೆ ನಮ್ಮದು ಎಂದ ಮಾತ್ರಕ್ಕೆ ಹಿಗ್ಸ್ ಕಣವೂ ನಮ್ಮ ಅಭಿಪ್ರಾಯವಾಗುವುದಿಲ್ಲ. ಇಲ್ಲಿ ಜಾರಿ ‘ವಿಜ್ಞಾನವೂ ಒಂದು ನಂಬಿಕೆಯೇ’ ಎನ್ನುವವರನ್ನು ಕಂಡರೆ ನನಗೆ ನಿಜಕ್ಕೂ ಚಿಂತೆಯಾಗುತ್ತದೆ.

ಇನ್ನು, ಮೌಲ್ಯದ ಮಾತು ಎಂದ ಕೂಡಲೇ ವಾದ ಮುಗಿಯಿತು ಎಂದುಕೊಳ್ಳುವುದೂ ತಪ್ಪು. ಸಿಡುಬನ್ನೇ ತೆಗೆದುಕೊಳ್ಳಿ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ನಿರ್ಮೂಲವಾಯಿತು ಎಂದು ಘೋಷಿಸಿತು. ವೈರಸ್ಸಿನ ಮಾದರಿಗಳು ಅಮೆರಿಕ ಮತ್ತು ರಷ್ಯಾದ ಎರಡು ಪ್ರಯೋಗಾಲಯಗಳಲ್ಲಿ ಮಾತ್ರ ಅಧಿಕೃತವಾಗಿ ಉಳಿದವು. ಅವನ್ನು ನಾಶ ಮಾಡಬೇಕೋ ಇಟ್ಟುಕೊಳ್ಳಬೇಕೋ? ಎರಡೂ ಕಡೆಯವರು ಅದೇ ಸಂಗತಿಗಳನ್ನು ಒಪ್ಪುತ್ತಾರೆ. ತಪ್ಪಿಸಿಕೊಂಡರೆ ಅನಾಹುತ ಎಂಬುದು ಗೊತ್ತು; 1978ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಪ್ರಯೋಗಾಲಯದಿಂದ ಹೊರಬಂದ ವೈರಸ್ಸಿಗೆ ಒಂದು ಜೀವ ಬಲಿಯಾಗಿತ್ತು. ಹೊಸ ಔಷಧ ಪರೀಕ್ಷಿಸಲು ಮಾದರಿ ಬೇಕಾಗಬಹುದು ಎಂಬುದೂ ಗೊತ್ತು. ಯಾವ ಅಪಾಯಕ್ಕೆ ಜಾಸ್ತಿ ತೂಕ ಕೊಡಬೇಕು ಎಂಬಲ್ಲಿ ಜಗಳ. ನಾಶದ ದಿನವನ್ನು ಮತ್ತೆ ಮತ್ತೆ ಮುಂದೂಡುತ್ತಲೇ ಬಂದಿದ್ದಾರೆ.

2018ರಲ್ಲಿ ಕೆನಡಾದ ಸಂಶೋಧಕರು ಸಿಡುಬಿನ ಹತ್ತಿರದ ಸಂಬಂಧಿಯಾದ ಕುದುರೆ ಸಿಡುಬಿನ ವೈರಸ್ಸನ್ನು ಆರ್ಡರ್ ಮಾಡಿ ತರಿಸಿದ ಡಿಎನ್‌ಎ ತುಣುಕುಗಳಿಂದ ಜೋಡಿಸಿದ್ದಾಗಿ ಪ್ರಕಟಿಸಿದರು. ಸಿಡುಬಿನ ಮಾದರಿಗಳಿರುವ ಸೀಸೆಗಳನ್ನು ಸುಟ್ಟುಹಾಕಿದರೆ ಅಪಾಯ ಮುಗಿಯುತ್ತದೆ ಎಂಬ ಮಾತು ಆಗ ಮೊದಲಿನಷ್ಟು ಗಟ್ಟಿಯಾಗಿ ಉಳಿಯಲಿಲ್ಲ. ಮೌಲ್ಯ ಯಾರದ್ದೂ ಬದಲಾಗಿರಲಿಲ್ಲ, ಹೊಸ ಸಂಗತಿಯೊಂದು ಬಂದಿತ್ತು. ಮಾದರಿಗಳನ್ನು ಇಟ್ಟುಕೊಳ್ಳೋಣ ಎನ್ನುವವರಿಗೆ ಅದು ಲಸಿಕೆ, ಔಷಧಗಳ ತಯಾರಿ ಮುಂದುವರಿಸಲು ಕಾರಣವಾಗಿ ಕಂಡಿತು. ನಾಶ ಮಾಡೋಣ ಎನ್ನುವವರು, ಬೇಕಾದಾಗ ಹೊಸದಾಗಿ ಜೋಡಿಸಬಹುದಾದರೆ ಈ ಸೀಸೆಗಳನ್ನು ಯಾಕೆ ಕಾಯಬೇಕು ಎಂದು ಕೇಳಬಹುದು.