ಪ್ರಾಣ ಕೊಡುವಂಥದ್ದು ಇಲ್ಲದ ಬದುಕಿಗೆ ಅರ್ಥವಿಲ್ಲವೇ? ತತ್ತ್ವಶಾಸ್ತ್ರ ಓದುವವರಿಗೆ ಟಿಪ್ಪಣಿ

ಹೈದರಾಬಾದ್ ನಿಜಾಮನ ಆಳ್ವಿಕೆಯಿಂದ ಬಿಡುಗಡೆಯಾದ ದಿನವಾದ ಸೆಪ್ಟೆಂಬರ್ 17 ಬಂತೆಂದರೆ ಕಲಬುರಗಿ, ಬೀದರ್, ಯಾದಗಿರಿಯ ವೇದಿಕೆಗಳಲ್ಲಿ ಈ ಅರ್ಥದ ಮಾತು ಆಗಾಗ ಕೇಳಿಬರುತ್ತದೆ: ಯಾವುದಕ್ಕೂ ಪ್ರಾಣ ಕೊಡಲು ಸಿದ್ಧನಿಲ್ಲದವನ ಬದುಕು ಎಂಥ ಬದುಕು? ಅಮೆರಿಕದ ಕಪ್ಪುಜನರ ಹಕ್ಕುಗಳ ಹೋರಾಟಗಾರ ಮಾರ್ಟಿನ್ ಲೂಥರ್ ಕಿಂಗ್ 1963ರ ಜೂನ್ 23ರಂದು ಡೆಟ್ರಾಯಿಟ್‌ನಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು. ಐದು ವರ್ಷದೊಳಗೆ ಅವರ ಕೊಲೆಯೂ ಆಯಿತು, ಹಾಗಾಗಿ ಆ ಮಾತನ್ನು ಹಗುರವಾಗಿ ತಳ್ಳಿಹಾಕಲು ಯಾರಿಗೂ ಮನಸ್ಸಾಗುವುದಿಲ್ಲ. ಆದರೆ ಉತ್ತರಪತ್ರಿಕೆಯಲ್ಲಿ ಅದು ಒಂದು ವಾದ. ವಾದವನ್ನು ಬಿಡಿಸಿ ನೋಡಲೇಬೇಕು.

ಹೇಳಿಕೆಯ ಆಕಾರ

ಹೇಳಿಕೆ ಹೀಗಿದೆ: ಬದುಕು ಅರ್ಥಪೂರ್ಣವಾಗಿದ್ದರೆ, ಪ್ರಾಣ ಕೊಡುವಷ್ಟು ಬೆಲೆಯ ಏನಾದರೂ ಅದರಲ್ಲಿ ಇದ್ದೇ ಇರುತ್ತದೆ. ಇದು ಅಗತ್ಯ ಷರತ್ತು. ಅದೊಂದಿದ್ದರೆ ಸಾಕು ಎಂದು ಯಾರೂ ಹೇಳಿಲ್ಲ. ಬಹಳ ಮಂದಿ ಅಂಕ ಕಳೆದುಕೊಳ್ಳುವುದು ಇಲ್ಲೇ. ಮಾನವ ಬಾಂಬರ್‌ನ ಉದಾಹರಣೆ ಕೊಟ್ಟು, ಅವನೂ ಪ್ರಾಣ ಕೊಟ್ಟ, ಹಾಗಾಗಿ ಹೇಳಿಕೆ ಸುಳ್ಳು ಎಂದು ಬರೆಯುತ್ತಾರೆ. ಅದರಿಂದ ಬಿದ್ದುಹೋಗುವುದು ‘ಅದಿದ್ದರೆ ಸಾಕು’ ಎಂಬ ಬೇರೆಯೇ ಹೇಳಿಕೆ. ನಮ್ಮ ಹೇಳಿಕೆ ಬೀಳಬೇಕಾದರೆ ತದ್ವಿರುದ್ಧ ಉದಾಹರಣೆ ಬೇಕು: ಬದುಕು ಅರ್ಥಪೂರ್ಣವಾಗಿದೆ, ಆದರೆ ಪ್ರಾಣ ಕೊಡುವಂಥದ್ದು ಅದರಲ್ಲಿಲ್ಲ. ಅಂಥದ್ದು ಒಂದೇ ಒಂದು ಸಿಕ್ಕರೂ ಸಾಕು.

ಇನ್ನೊಂದು ಗೊಂದಲವಿದೆ. ಒಂದಕ್ಕೆ ಪ್ರಾಣದಷ್ಟು ಬೆಲೆ ಇರುವುದು, ಅದಕ್ಕಾಗಿ ಸಾಯಲು ಒಬ್ಬರು ಸಿದ್ಧರಿರುವುದು, ನಿಜವಾಗಿ ಸತ್ತಿರುವುದು, ಈ ಮೂರೂ ಬೇರೆ ಬೇರೆ. ಬೀದರ್‌ನಲ್ಲಿ ಬಹಮನಿ ಸುಲ್ತಾನರ ಮಂತ್ರಿಯಾಗಿದ್ದ ಮಹಮೂದ್ ಗಾವಾನ್‌ನನ್ನೇ ನೋಡಿ. 1481ರಲ್ಲಿ ಖೋಟಾ ಪತ್ರವೊಂದನ್ನು ನಂಬಿ ಸುಲ್ತಾನ ಅವನಿಗೆ ಮರಣದಂಡನೆ ಕೊಟ್ಟ. ಅವನು ಯಾವುದಕ್ಕಾಗಿಯೂ ಸಾಯಲು ಹೊರಟವನಲ್ಲ, ಸಂಚಿಗೆ ಬಲಿಯಾದವನು. ಅವನ ಬದುಕಿನ ಅರ್ಥ ಕೇಳಿದರೆ ಇಂದಿಗೂ ಕೈ ತೋರಿಸುವುದು ಅವನು ಕಟ್ಟಿಸಿದ ಮದರಸಾದ ಕಡೆಗೆ. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ನಿಜಾಮನ ಪರವಾದ ಸಶಸ್ತ್ರ ಪಡೆಯಾಗಿದ್ದ ರಜಾಕಾರರ ಕೈಯಲ್ಲಿ ಸತ್ತವರ ವಿಷಯದಲ್ಲೂ ಈ ಎಚ್ಚರ ಬೇಕು. ಅವರನ್ನು ಹುತಾತ್ಮರೆಂದು ಗೌರವಿಸುವುದು ಸರಿಯೇ. ಆದರೆ ಅಲ್ಲಿದ್ದವರೆಲ್ಲರೂ ಸಾವನ್ನು ಆರಿಸಿಕೊಂಡವರಲ್ಲ. ಅವರ ಬದುಕಿಗೆ ಅರ್ಥ ಬಂದದ್ದು ಆ ದಿನದಿಂದ ಎಂದು ಬರೆದರೆ ಅದಕ್ಕೂ ಹಿಂದೆ ಅವರು ಬಾಳಿದ್ದನ್ನೆಲ್ಲ ಅಳಿಸಿದಂತೆ.

ಸತ್ತು ಉಳಿಸಲಾಗದ ಸಂಗತಿಗಳು

ಈಗ ತದ್ವಿರುದ್ಧ ಉದಾಹರಣೆ. ಬೀದರ್‌ನ ಬಿದ್ರಿ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಕಲೆಯ ಕುಶಲಕರ್ಮಿಯೊಬ್ಬರನ್ನು ಊಹಿಸಿಕೊಳ್ಳಿ. ಸಾಮಾನ್ಯವಾಗಿ 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸಿ ಅಚ್ಚಿಗೆ ಎರೆಯಬೇಕು, ಅರದಿಂದ ಉಜ್ಜಿ ನುಣುಪು ಮಾಡಬೇಕು. ಗೀಚಿದ ಗೆರೆ ಕಣ್ಣಿಗೆ ಕಾಣಲೆಂದು ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಬೇಕು. ಉಳಿಯಿಂದ ಕೆತ್ತಿದ ತೋಡಿಗೆ ಬೆಳ್ಳಿಯ ತಂತಿ ಕೂರಿಸಿ ಬಡಿಯಬೇಕು. ತೋಡು ಆಳವಾಗದಿದ್ದರೆ ಬೆಳ್ಳಿ ಕಿತ್ತು ಬರುತ್ತದೆ. ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ ಹಚ್ಚಿದಾಗ ಲೋಹ ಕಡುಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ನಲವತ್ತು ವರ್ಷ ಈ ಕೆಲಸ ಮಾಡಿ ನಾಲ್ಕು ಜನರಿಗೆ ಕಲಿಸಿದ ಬದುಕನ್ನು ಅರ್ಥಹೀನ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಹಾಗಂತ ಒಂದು ಹೂಜಿಗೆ ಪ್ರಾಣ ಕೊಡಬೇಕೇ? ಬೇಡ. ಆ ಕಲೆಗಾಗಿ ಕೊಡೋಣವೆಂದರೂ ಆಗದು. ಅದು ಉಳಿಯುವುದು ಬದುಕಿರುವ ಕೈಯಲ್ಲಿ.

ಈ ಟಿಪ್ಪಣಿಯ ಮುಖ್ಯ ಮಾತು ಇದೇ. ‘ಪ್ರಾಣ ಕೊಡುತ್ತೀಯಾ?’ ಎಂಬ ಪರೀಕ್ಷೆ ಅಳೆಯುವುದು ಸತ್ತು ಉಳಿಸಬಹುದಾದ ಸಂಗತಿಗಳನ್ನು ಮಾತ್ರ. ಪಾಠ ಹೇಳುವುದು, ತೊಗರಿ ತಳಿ ಸುಧಾರಿಸುವುದು, ತತ್ವಪದಗಳನ್ನು ಸಂಗ್ರಹಿಸುವುದು, ಹಾಸಿಗೆ ಹಿಡಿದ ಅತ್ತೆಯನ್ನು ಹತ್ತು ವರ್ಷ ನೋಡಿಕೊಳ್ಳುವುದು, ಇವುಗಳಿಗೆ ಬೇಕಾದ್ದು ಆಯುಷ್ಯ. ಪ್ರಾಣ ಕೊಟ್ಟರೆ ಕೆಲಸ ಕೆಡುತ್ತದೆ.

ಎದುರಾಳಿ ಸುಮ್ಮನಿರುವುದಿಲ್ಲ. ಆ ಕುಶಲಕರ್ಮಿಯೂ ಮಕ್ಕಳಿಗಾಗಿ ಪ್ರಾಣ ಕೊಟ್ಟಾರು, ಹಾಗಾಗಿ ಷರತ್ತು ಪೂರೈಸಿತು ಎನ್ನುತ್ತಾನೆ. ಒಪ್ಪಿಕೊಳ್ಳಿ, ಒಪ್ಪಿ ಎರಡು ಪ್ರಶ್ನೆ ಕೇಳಿ. ಅವರಿಗೆ ಮಕ್ಕಳೇ ಇಲ್ಲದಿದ್ದರೆ ಆ ನಲವತ್ತು ವರ್ಷದ ಕೆಲಸ ಟೊಳ್ಳಾಗುತ್ತಿತ್ತೇ? ಮಕ್ಕಳು ಅಮೂಲ್ಯರಾದ್ದರಿಂದ ಅವರಿಗಾಗಿ ಸಾಯಲು ಸಿದ್ಧರಾದರೋ, ಸಾಯಲು ಸಿದ್ಧರಾದ್ದರಿಂದ ಮಕ್ಕಳು ಅಮೂಲ್ಯರಾದರೋ? ಮೊದಲನೆಯದೇ ನಿಜ. ಹಾಗಿದ್ದರೆ ಅರ್ಥದ ಮೂಲ ಆ ಬೆಲೆ. ಸಿದ್ಧತೆ ಅದರ ಒಂದು ಗುರುತು, ಅದೂ ಎಲ್ಲ ಸಲ ಕಾಣುವ ಗುರುತಲ್ಲ. ಬೆಂಕಿ ಬಿದ್ದಾಗ ಭಯದಿಂದ ಹೊರಗೋಡಿದ ತಾಯಿಗೆ ಮಗುವಿನ ಮೇಲೆ ಪ್ರೀತಿಯಿರಲಿಲ್ಲ ಎಂದು ತೀರ್ಪು ಕೊಡುವ ಹಕ್ಕು ನಮಗಿಲ್ಲ. ಆ ಗಳಿಗೆಯಲ್ಲಿ ಓಡಿದ್ದು ಮೈ.

ಗೆಲಿಲಿಯೊ, ಬ್ರೂನೊ, ಕಲ್ಯಾಣ

ಆದರೂ ಕಿಂಗ್ ಅವರ ಮಾತಿನಲ್ಲಿ ಸತ್ಯಾಂಶವಿದೆ, ಅದನ್ನು ಹಿಡಿಯಲು ಜರ್ಮನ್ ತತ್ತ್ವಜ್ಞಾನಿ ಕಾರ್ಲ್ ಯಾಸ್ಪರ್ಸ್ ಮಾಡಿದ ವಿಂಗಡಣೆ ಬಹಳ ಉಪಯುಕ್ತ. ಗೆಲಿಲಿಯೊ 1633ರಲ್ಲಿ ರೋಮ್‌ನಲ್ಲಿ, ಚರ್ಚಿನ ವಿಚಾರಣೆಯ ಮುಂದೆ, ಭೂಮಿ ತಿರುಗುತ್ತದೆ ಎಂಬ ತನ್ನ ಮಾತನ್ನು ಹಿಂತೆಗೆದುಕೊಂಡ. ಭೂಮಿ ತಿರುಗುವುದು ನಿಲ್ಲಲಿಲ್ಲ. ಬದುಕಿದ್ದರಿಂದಲೇ ಗೃಹಬಂಧನದಲ್ಲಿದ್ದೂ ಚಲನೆಯ ಬಗೆಗಿನ ತನ್ನ ದೊಡ್ಡ ಕೃತಿಯನ್ನು ಮುಗಿಸಿದ. ಅದು 1638ರಲ್ಲಿ ಲೈಡನ್‌ನಲ್ಲಿ ಅಚ್ಚಾಯಿತು. ಇಟಲಿಯ ಚಿಂತಕ ಬ್ರೂನೊ ಅಂಥದ್ದೇ ವಿಚಾರಣೆಯಲ್ಲಿ ತನ್ನ ನಂಬಿಕೆಗಳಿಂದ ಹಿಂದೆ ಸರಿಯದೆ 1600ರಲ್ಲಿ ಬೆಂಕಿಯ ಶಿಕ್ಷೆಗೆ ಸುಟ್ಟುಹೋದ. ಗೆಲಿಲಿಯೊನದು ಯಾರು ಬಿಟ್ಟುಕೊಟ್ಟರೂ ಹಾಗೇ ನಿಲ್ಲುವ ಸತ್ಯ, ಬ್ರೂನೊನದು ಹೇಳಿದವನೇ ಬಿಟ್ಟುಕೊಟ್ಟರೆ ಹಾಳಾಗುವ ಸತ್ಯ. ಕ್ರಿ.ಪೂ. 399ರ ಸಾಕ್ರೆಟಿಸ್ ಎರಡನೆಯ ಗುಂಪಿನವನು: ಸೆರೆಮನೆಯಿಂದ ಓಡಿಹೋಗಿದ್ದರೆ, ಅನ್ಯಾಯ ಮಾಡಬಾರದೆಂದು ಜೀವನವಿಡೀ ಹೇಳಿದ್ದನ್ನು ಅವನ ನಡೆಯೇ ಸುಳ್ಳು ಮಾಡುತ್ತಿತ್ತು.

ಈ ಎರಡೂ ಬಗೆ ಒಂದೇ ಊರಿನಲ್ಲಿ, 12ನೇ ಶತಮಾನದ ಕಲ್ಯಾಣದಲ್ಲಿ ಸಿಗುತ್ತವೆ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ. ಪರಂಪರೆ ಹೇಳುವಂತೆ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು; ಅದಕ್ಕಾಗಿ ತಂದೆಯಂದಿರಿಗೆ ಎಳೆಹೂಟೆಯ, ಅಂದರೆ ಆನೆಯ ಕಾಲಿಗೆ ಕಟ್ಟಿ ಎಳೆಸಿ ಕೊಲ್ಲುವ ಶಿಕ್ಷೆಯಾಯಿತು. ಶರಣರಲ್ಲಿ ಜಾತಿಯಿಲ್ಲ ಎಂಬ ಮಾತಿಗೆ ಆ ಮದುವೆಯೇ ಸಾಕ್ಷಿ. ಹೆದರಿ ತಪ್ಪಾಯಿತೆಂದಿದ್ದರೆ ಮಾತೂ ಬೀಳುತ್ತಿತ್ತು. ಅದೇ ಹೊತ್ತಿಗೆ ಚನ್ನಬಸವಣ್ಣ, ಅಕ್ಕನಾಗಮ್ಮ ಮೊದಲಾದವರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ನಡೆದರು. ಅವರೆಲ್ಲ ಕಲ್ಯಾಣದಲ್ಲೇ ನಿಂತು ಸತ್ತಿದ್ದರೆ ಕಟ್ಟುಗಳನ್ನು ಹೊರುವವರು ಯಾರು? ಹರಳಯ್ಯನನ್ನು ಹೊಗಳುವ ಭರದಲ್ಲಿ ಉಳವಿಯ ದಾರಿ ಹಿಡಿದವರನ್ನು ಕಿರಿದು ಮಾಡುವ ಉತ್ತರ ತತ್ತ್ವದ ದೃಷ್ಟಿಯಿಂದ ತಪ್ಪು. ಕೆಲಸ ಬೇರೆ, ಆ ಕೆಲಸ ಕೇಳಿದ ಬೆಲೆಯೂ ಬೇರೆ.

ಉತ್ತರ ಬರೆಯುವಾಗ

ಹೆಸರುಗಳನ್ನು ಚಿಕ್ಕದಾಗಿ ಮುಗಿಸಿ. ಫ್ರೆಂಚ್ ಲೇಖಕ ಆಲ್ಬೆರ್ ಕಾಮು 1942ರಲ್ಲಿ, ಬದುಕಲು ಕಾರಣವಾದದ್ದು ಸಾಯಲೂ ಒಳ್ಳೆಯ ಕಾರಣವಾಗುತ್ತದೆ ಎಂದ. ಅದೇ ಪುಟದಲ್ಲಿ ಗೆಲಿಲಿಯೊ ಮಾಡಿದ್ದು ಒಂದರ್ಥದಲ್ಲಿ ಸರಿ ಎಂದೂ ಬರೆದ. ಎರಡನ್ನೂ ಜೊತೆಗೆ ಹೇಳಿ, ಒಂದನ್ನೇ ಹೇಳಿದರೆ ಕಾಮುವನ್ನು ತಿರುಚಿದಂತೆ. ಬ್ರಿಟಿಷ್ ತತ್ತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ ಆಸೆಗಳನ್ನು ಎರಡಾಗಿ ಮಾಡಿದ: ಬದುಕಿದ್ದೇವೆ ಎಂಬ ಕಾರಣಕ್ಕೇ ಹುಟ್ಟುವ ಊಟ, ಬಟ್ಟೆಯಂಥ ಆಸೆ ಒಂದು, ಬದುಕಿ ಉಳಿಯಲು ಕಾರಣ ಕೊಡುವ ಆಸೆ ಇನ್ನೊಂದು. ಎರಡನೆಯದು ಬೊಟ್ಟು ಮಾಡುವುದು ಮುಂದಿನ ಬದುಕಿನ ಕಡೆಗೆ ಎಂಬುದನ್ನು ಗುರುತಿಸಿ. ಅಮೆರಿಕದ ತತ್ತ್ವಜ್ಞಾನಿ ಸೂಸನ್ ವುಲ್ಫ್ ಪ್ರಕಾರ ಅರ್ಥ ಹುಟ್ಟುವುದು ಮನಸ್ಸಿನ ಒಲವು ನಿಜವಾಗಿ ಬೆಲೆಯುಳ್ಳದ್ದನ್ನು ಸೇರಿದಾಗ. ಸಾವಿನ ಷರತ್ತು ಅಲ್ಲಿ ಇಲ್ಲವೇ ಇಲ್ಲ. 150 ಪದಗಳ ಮಿತಿ ಇದ್ದರೆ ವಿಲಿಯಮ್ಸ್‌ನನ್ನು ಬಿಡಿ, ಗೆಲಿಲಿಯೊ–ಬ್ರೂನೊ ಜೋಡಿಯನ್ನು ಮಾತ್ರ ಬಿಡಬೇಡಿ.

ಗೀತೆಯ 3.35ನೇ ಶ್ಲೋಕವನ್ನು ಈ ಹೇಳಿಕೆಗೆ ಆಧಾರವಾಗಿ ಬಳಸುವುದು ವಾಡಿಕೆ. ಆ ಶ್ಲೋಕ ಮಾಡುವುದು ಒಂದು ಹೋಲಿಕೆ: ಪರಧರ್ಮ ಹಿಡಿಯುವುದಕ್ಕಿಂತ ಸ್ವಧರ್ಮದಲ್ಲಿದ್ದು ಸಾಯುವುದು ಮೇಲು. ಸ್ವಧರ್ಮ ನಡೆಸುತ್ತ ವಯಸ್ಸಾಗಿ ತೀರಿಕೊಂಡವನ ಬದುಕಿನಲ್ಲಿ ಏನೋ ಕೊರತೆಯಿದೆ ಎಂದು ಅಲ್ಲಿ ಎಲ್ಲೂ ಹೇಳಿಲ್ಲ. ಹಾಗಾಗಿ ಅದನ್ನು ಹರಳಯ್ಯ, ಸಾಕ್ರೆಟಿಸರ ಪಕ್ಕದಲ್ಲಿ ಇಡಬಹುದು. ಅಗತ್ಯ ಷರತ್ತಿಗೆ ಪುರಾವೆಯಾಗಿ ಇಡಲು ಬರುವುದಿಲ್ಲ.