ಬ್ರೇಕಿನಲ್ಲಿರುವ ದುಡ್ಡು: ಕಾಸರಗೋಡಿನ ರಸ್ತೆಯಲ್ಲಿ ಹೈಬ್ರಿಡ್ ಕಾರಿನ ಲೆಕ್ಕ

ಕೇರಳದಿಂದ ಕರ್ನಾಟಕಕ್ಕೆ ತಲಪಾಡಿ ಗಡಿ ದಾಟಿದ ಕೂಡಲೇ ಸಿಗುವ ಪೆಟ್ರೋಲ್ ಬಂಕಿನಲ್ಲಿ ಹತ್ತು ನಿಮಿಷ ನಿಂತು ನೋಡಿ. ಕೆಎಲ್ 14, ಅಂದರೆ ಕಾಸರಗೋಡಿನ ನಂಬರಿನ ಕಾರುಗಳು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಕರ್ನಾಟಕದಲ್ಲಿ ಪೆಟ್ರೋಲ್ ಲೀಟರಿಗೆ ಕೆಲವು ರೂಪಾಯಿ ಅಗ್ಗ, ಡೀಸೆಲ್ ಇನ್ನೂ ಅಗ್ಗ. 2023ರ ಏಪ್ರಿಲ್‌ನಲ್ಲಿ ಕೇರಳ ಸರ್ಕಾರ ಲೀಟರಿಗೆ ಎರಡು ರೂಪಾಯಿ ಸಾಮಾಜಿಕ ಭದ್ರತಾ ಸೆಸ್ ಹಾಕಿದಾಗ ಈ ಅಂತರ ಹಿಗ್ಗಿತು. 2024ರ ಜೂನ್‌ನಲ್ಲಿ ಕರ್ನಾಟಕ ಮೂರು ರೂಪಾಯಿ ಏರಿಸಿದಾಗ ಒಂದಿಷ್ಟು ಕುಗ್ಗಿತು. ಆದರೂ ಮಂಗಳೂರಿಗೆ ಆಸ್ಪತ್ರೆಗೋ ಕಾಲೇಜಿಗೋ ಹೋದ ನಮ್ಮ ಕಡೆಯವರು ಟ್ಯಾಂಕಿ ತುಂಬಿಸದೆ ವಾಪಸ್ ಬರುವುದು ಅಪರೂಪ.

ಇಂಥ ಊರಲ್ಲಿ, ಎಂಜಿನ್ ಜೊತೆ ಕರೆಂಟಿನ ಮೋಟರೂ ಇರುವ ಹೈಬ್ರಿಡ್ ಕಾರಿನ ಸುದ್ದಿ ಬಂದರೆ ಮಾತು ಎಲ್ಲಿಂದ ಶುರುವಾಗುತ್ತದೆ ಎಂದು ಹೇಳಬೇಕಾಗಿಲ್ಲ. "ಮೈಲೇಜ್ ಎಷ್ಟು ಕೊಡ್ತದೆ ಮಾರಾಯ?" ಬದಿಯಡ್ಕ ಕಡೆಯ ನನ್ನ ಭಾವನೂ ಇದನ್ನೇ ಕೇಳಿದರು. ಅವರ ಹತ್ತಿರ ಇರುವುದು 2012ರ ಡೀಸೆಲ್ ಸ್ವಿಫ್ಟ್. ಹೊಸ ಕಾರು ತೆಗೆದುಕೊಳ್ಳಬೇಕು, ಶೋರೂಂನವರು ಹೈಬ್ರಿಡ್ ತೋರಿಸಿದ್ದಾರೆ, ಬ್ರೋಷರಿನಲ್ಲಿ ಲೀಟರಿಗೆ 27.97 ಕಿ.ಮೀ. ಎಂದಿದೆ. ನಂಬುವುದಾ ಬೇಡವಾ?

ಭಾವ ಡೀಸೆಲ್ ಕಾರು ಕೊಂಡ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. 2010ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಪೆಟ್ರೋಲ್ ಬೆಲೆಯ ಹಿಡಿತ ಬಿಟ್ಟಿತು. ಡೀಸೆಲ್‌ನದ್ದು ಬಿಟ್ಟಿದ್ದು 2014ರ ಅಕ್ಟೋಬರ್‌ನಲ್ಲಿ. ನಡುವಿನ ನಾಲ್ಕು ವರ್ಷ ಪೆಟ್ರೋಲ್ ಏರುತ್ತಾ ಹೋಯಿತು, ಡೀಸೆಲ್ ಸರ್ಕಾರದ ನೆರಳಿನಲ್ಲಿ ತಣ್ಣಗಿತ್ತು. ಹಾಗಾಗಿ ಡೀಸೆಲ್ ಸ್ವಿಫ್ಟ್‌ಗೆ ತಿಂಗಳುಗಟ್ಟಲೆ ಕಾಯುವವರಿದ್ದರು. ಬೆಲೆಯ ಅಂತರ ಕರಗಿದ ಮೇಲೆ ಆ ಹುಚ್ಚು ಇಳಿಯಿತು. 2020ರ ಏಪ್ರಿಲ್‌ನಲ್ಲಿ ಹೊಗೆಗೆ ಕಡಿವಾಣ ಹಾಕುವ ಬಿಎಸ್ 6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು. ಮೈಲೇಜಿಗಾಗಿ ಡೀಸೆಲ್ ನಂಬಿದ್ದವರು ಎಲ್ಲಿಗೆ ಹೋಗಬೇಕು? ಹೈಬ್ರಿಡ್ ಬಂದು ಕೂತದ್ದು ಆ ಖಾಲಿ ಕುರ್ಚಿಯಲ್ಲಿ.

ಹಾಗೆಂದು ಹೈಬ್ರಿಡ್ ಹೊಸದೇನಲ್ಲ. ಎಂಜಿನ್ ಮತ್ತು ಮೋಟರ್ ಎರಡನ್ನೂ ಒಂದೇ ಗಾಡಿಗೆ ಜೋಡಿಸುವ ಪ್ರಯೋಗವನ್ನು ಎಂಜಿನಿಯರ್ ಫರ್ಡಿನಾಂಡ್ ಪೋರ್ಷೆ 1900ರ ಹೊತ್ತಿಗೇ ಮಾಡಿದ್ದ. ಮನೆಮಂದಿ ಕೊಳ್ಳುವಂಥ ಕಾರಾಗಿ ಬಂದದ್ದು 1997ರ ಡಿಸೆಂಬರ್‌ನಲ್ಲಿ, ಜಪಾನಿನ ಟೊಯೋಟಾ ಪ್ರಿಯಸ್. ಅಲ್ಲಿನ ಪರೀಕ್ಷೆಯಲ್ಲಿ ಅದರ ಮೈಲೇಜ್ ಲೀಟರಿಗೆ 28 ಕಿ.ಮೀ. ನಮ್ಮಲ್ಲಿ 2015ರಲ್ಲಿ ಬಂದ ಸಿಯಾಜ್ ಡೀಸೆಲ್ 'ಸ್ಮಾರ್ಟ್ ಹೈಬ್ರಿಡ್'ನದ್ದು 28.09. ಭಾವನ ಬ್ರೋಷರಿನಲ್ಲಿ 27.97. ಪರೀಕ್ಷೆ ಬೇರೆ, ಕಾರಿನ ಗಾತ್ರ ಬೇರೆ, ಸರಿ. ಆದರೂ ಈ 28ರ ಮೇಲೆ ಕಂಪನಿಗಳಿಗೆ ಏನೋ ಮೋಹ ಇದ್ದಂತಿದೆ, ಅಲ್ವಾ?

ಭಾರತದಲ್ಲಿ ಹೈಬ್ರಿಡ್‌ನ ಕಥೆ ಎಂಜಿನ್‌ಗಿಂತ ಜಾಸ್ತಿ ತೆರಿಗೆಯದ್ದು. 2008ರಲ್ಲಿ ಹೋಂಡಾ ಸಿವಿಕ್ ಹೈಬ್ರಿಡ್ ಆಮದಾಗಿ ಬಂತು. ಬೆಲೆ 21 ಲಕ್ಷದ ಮೇಲೆ. ಹೋಗಲಿಲ್ಲ. ಅದೇ ವರ್ಷ ಸುಮಾರು 8 ಲಕ್ಷ ಇಳಿಸಿ ಮಾರಬೇಕಾಯಿತು. 2010ರಲ್ಲಿ ಪ್ರಿಯಸ್ ಬಂದಾಗಲೂ ಅದು ದೊಡ್ಡವರ ಮನೆಯ ಕಾರು. 2013ರಲ್ಲಿ ಟೊಯೋಟಾದವರು ಬೆಂಗಳೂರು ಹತ್ತಿರದ ಬಿಡದಿಯಲ್ಲೇ ಕ್ಯಾಮ್ರಿ ಹೈಬ್ರಿಡ್ ಜೋಡಿಸತೊಡಗಿದರು. 2015ರಲ್ಲಿ ಎಲೆಕ್ಟ್ರಿಕ್ ಗಾಡಿಗಳಿಗೆ ಉತ್ತೇಜನ ಕೊಡುವ ಕೇಂದ್ರದ 'ಫೇಮ್' ಯೋಜನೆ ಶುರುವಾಗಿ ಹೈಬ್ರಿಡ್‌ಗೂ ಸಹಾಯಧನ ಸಿಕ್ಕಿತು. ಮಾರುತಿಯ ಸ್ಮಾರ್ಟ್ ಹೈಬ್ರಿಡ್ ಕಾರುಗಳು ಅದರ ಲಾಭ ಪಡೆದವು. ಅವು ಹೆಸರಿಗೆ ಹೈಬ್ರಿಡ್. ನಿಂತಾಗ ಎಂಜಿನ್ ಆಫ್ ಮಾಡಿ, ಹೊರಡುವಾಗ ಸಣ್ಣದೊಂದು ಕೈ ಹಾಕಿ ತಳ್ಳುವುದಷ್ಟೇ ಅವುಗಳ ಕೆಲಸ. ಬರೀ ಕರೆಂಟಿನಲ್ಲಿ ಒಂದು ಮಾರು ದೂರವೂ ಹೋಗುವುದಿಲ್ಲ. 2017ರ ಏಪ್ರಿಲ್‌ನಿಂದ ಅವಕ್ಕೆ ಸಹಾಯಧನ ನಿಂತಿತು. ಜುಲೈಯಲ್ಲಿ ಜಿಎಸ್‌ಟಿ ಬಂದು, ಸುಮಾರು 30 ಶೇಕಡ ಇದ್ದ ಹೈಬ್ರಿಡ್ ತೆರಿಗೆ ಸೆಸ್ ಸೇರಿ 43ಕ್ಕೆ ಹಾರಿತು. ಎಲೆಕ್ಟ್ರಿಕ್ ಕಾರಿಗೆ 12, ಆಮೇಲೆ 5. ಐದು ವರ್ಷ ಹೈಬ್ರಿಡ್ ಸುಮ್ನೆ ಮೂಲೆಯಲ್ಲಿ ಕೂತಿತು.

ಅದು ಎದ್ದದ್ದು 2022ರಲ್ಲಿ. ಮೇಯಲ್ಲಿ ಹೋಂಡಾ ಸಿಟಿ, ಸೆಪ್ಟೆಂಬರ್‌ನಲ್ಲಿ ಟೊಯೋಟಾ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾ, ವರ್ಷದ ಕೊನೆಗೆ ಇನ್ನೋವಾ ಹೈಕ್ರಾಸ್. ಹೈರೈಡರ್, ಗ್ರ್ಯಾಂಡ್ ವಿಟಾರಾ ಎರಡೂ ತಯಾರಾಗುವುದು ಬಿಡದಿಯ ಒಂದೇ ಕಾರ್ಖಾನೆಯಲ್ಲಿ. ಇವು ನಿಜವಾದ, ಅಂದರೆ 'ಸ್ಟ್ರಾಂಗ್' ಹೈಬ್ರಿಡ್. ನಿಧಾನ ಹೋಗುವಾಗ ಎಂಜಿನ್ ಮಲಗಿರುತ್ತದೆ, ಮೋಟರ್ ಓಡಿಸುತ್ತದೆ. ಬ್ರೇಕ್ ತುಳಿದಾಗ ಅದೇ ಮೋಟರ್ ಡೈನಮೊ ಆಗಿ ಬ್ಯಾಟರಿ ತುಂಬಿಸುತ್ತದೆ. ಮಾಮೂಲಿ ಕಾರಿನಲ್ಲಿ ಬ್ರೇಕ್ ಪ್ಯಾಡ್ ಬಿಸಿಯಾಗಿ ಗಾಳಿಗೆ ಹೋಗುವ ಶಕ್ತಿಯನ್ನು ಇಲ್ಲಿ ಹಿಡಿದಿಡುತ್ತಾರೆ. ಅಂದರೆ ನೀವು ಎಷ್ಟು ಸಲ ಬ್ರೇಕ್ ಹಾಕುತ್ತೀರೋ ಅಷ್ಟು ಉಳಿತಾಯದ ಅವಕಾಶ.

ಹಾಗಾದರೆ ನಮ್ಮ ಹಳೆ ಹೆದ್ದಾರಿ ಎನ್‌ಎಚ್ 17ಕ್ಕೆ ಇದಕ್ಕಿಂತ ಒಳ್ಳೆ ಕಾರು ಇರಲಿಲ್ಲ! ಉಪ್ಪಳ ಪೇಟೆ, ಕುಂಬಳೆ ಪೇಟೆ, ಮೊಗ್ರಾಲ್, ಹೊಂಡ, ಬಸ್ಸು, ಮತ್ತೆ ಹೊಂಡ. ಈಗ ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ಆರು ಲೇನ್. ಅದರಲ್ಲಿ ಒಂದೇ ಸಮ 90ರಲ್ಲಿ ಹೋದರೆ ಬ್ರೇಕಿಗೆ ಕೆಲಸವೇ ಇಲ್ಲ, ಗಾಳಿ ಸೀಳುವುದಕ್ಕೇ ಪೆಟ್ರೋಲ್ ಹೋಗುತ್ತದೆ. ಹೈಬ್ರಿಡ್‌ಗೂ ಮಾಮೂಲಿ ಪೆಟ್ರೋಲ್ ಕಾರಿಗೂ ಇರುವ ಅಂತರ ಅಲ್ಲಿ ಸಣ್ಣದಾಗುತ್ತದೆ. ಬ್ರೋಷರಿನ ಅಂಕಿ ಬರುವುದು ಲ್ಯಾಬಿನಲ್ಲಿ, ಉರುಳೆಗಳ ಮೇಲೆ, 90 ಕಿ.ಮೀ. ದಾಟದ ವೇಗದಲ್ಲಿ ಓಡಿಸಿ ನೋಡಿದಾಗ. ಎಸಿ ಹಾಕಿ, ಐದು ಜನ ತುಂಬಿ, ಮುಳ್ಳೇರಿಯದ ಏರು ಹತ್ತುವಾಗ ಅದು ಎಲ್ಲಿಂದ ಬರಬೇಕು?

ಘಾಟಿಯದ್ದು ಇನ್ನೊಂದು ತಮಾಷೆ. ಚೆರ್ಕಳ, ಜಾಲ್ಸೂರು, ಸುಳ್ಯ ದಾಟಿ ಮಡಿಕೇರಿಗೆ ಹೋಗಿ ಬಂದವರು, "ಇಳಿಯುವಾಗ ಪೂರ್ತಿ ಚಾರ್ಜ್ ಆಯ್ತು" ಎಂದು ಖುಷಿಪಡುತ್ತಾರೆ. ಆಗುತ್ತದೆ, ಆದರೆ ಬೇಗ ಆಗಿಬಿಡುತ್ತದೆ. ಗ್ರ್ಯಾಂಡ್ ವಿಟಾರಾ ಹೈಬ್ರಿಡ್‌ನ ಬ್ಯಾಟರಿ 0.76 ಯೂನಿಟ್‌ನದ್ದು. ಸಾವಿರ ವಾಟ್‌ನ ಇಸ್ತ್ರಿಪೆಟ್ಟಿಗೆ ಮುಕ್ಕಾಲು ಗಂಟೆಯಲ್ಲಿ ತಿಂದು ಮುಗಿಸುವಷ್ಟು. ಜನರ ಸಮೇತ ಒಂದೂವರೆ ಟನ್ ತೂಗುವ ಕಾರು ನೂರು ಮೀಟರ್ ಎತ್ತರ ಇಳಿದರೆ ಹತ್ತಿರಹತ್ತಿರ 0.4 ಯೂನಿಟ್ ಶಕ್ತಿ. ಒಂದಷ್ಟು ದಾರಿಯಲ್ಲಿ ಸೋರುತ್ತದೆ, ನಿಜ. ಬ್ಯಾಟರಿಯನ್ನೂ ತಳ ಕಾಣುವವರೆಗೆ ಬಳಸುವುದಿಲ್ಲ. ಹಾಗಾಗಿ ಸಂಪಾಜೆ ಮುಟ್ಟುವ ಎಷ್ಟೋ ಮೊದಲೇ ಅದರ ಹೊಟ್ಟೆ ತುಂಬಿರುತ್ತದೆ. ಉಳಿದ ಇಳಿಜಾರು ಎಲ್ಲ ಕಾರಿನ ಹಾಗೆಯೇ. ಬದಿಯಡ್ಕ, ಪೆರ್ಲ, ಆದೂರು ಕಡೆಯ ಸಣ್ಣ ಏರು, ಸಣ್ಣ ಇಳಿಕೆಯ ರಸ್ತೆಯೇ ಇದಕ್ಕೆ ಹೇಳಿ ಮಾಡಿಸಿದ್ದು.

ಭಾವನಿಗೆ ಲೆಕ್ಕ ಬರೆದು ತೋರಿಸಿದೆ. ಪೆಟ್ರೋಲ್ ಲೀಟರಿಗೆ 105 ಎಂದಿಟ್ಟುಕೊಳ್ಳುವ. ಮಾಮೂಲಿ ಆಟೊಮ್ಯಾಟಿಕ್ 15 ಕೊಟ್ಟರೆ ಕಿ.ಮೀ.ಗೆ 7 ರೂಪಾಯಿ. ಹೈಬ್ರಿಡ್ 21 ಕೊಟ್ಟರೆ 5. ಉಳಿಯುವುದು 2 ರೂಪಾಯಿ. ಹೈಬ್ರಿಡ್‌ಗೆ ಎರಡೂವರೆ ಲಕ್ಷ ಜಾಸ್ತಿ ಕೊಟ್ಟಿದ್ದರೆ ಅದು ವಾಪಸ್ ಬರಲು 1,25,000 ಕಿ.ಮೀ. ಓಡಬೇಕು. ತಿಂಗಳಿಗೆ ಸಾವಿರ ಓಡಿಸುವವರಿಗೆ ಹತ್ತು ವರ್ಷ ಮೇಲೆ. ದಿನಾ ಉಪ್ಪಳದಿಂದ ಮಂಗಳೂರಿಗೆ ಹೋಗಿ ಬಂದು, ಅಲ್ಲಿ ಪೇಟೆ ಸುತ್ತಿ, ತಿಂಗಳಿಗೆ 2500 ಮಾಡುವವರಿಗೆ ನಾಲ್ಕು ವರ್ಷ ಚಿಲ್ಲರೆ. ಕೇರಳದಲ್ಲಿ ರಸ್ತೆ ತೆರಿಗೆಯೂ ಬೆಲೆ ಏರಿದಂತೆ ಮೇಲಿನ ಮೆಟ್ಟಿಲಿಗೆ ಹತ್ತುತ್ತದೆ, ಅದನ್ನು ಮರೆಯುವ ಹಾಗಿಲ್ಲ.

"ಹಾಗಾದರೆ ತಲಪಾಡಿ ಪೆಟ್ರೋಲೇ ಸಾಕಲ್ಲ?" ಎಂದರು ಭಾವ. ತಿಂಗಳಿಗೆ ಸಾವಿರ ಕಿ.ಮೀ.ಗೆ 67 ಲೀಟರ್. ಲೀಟರಿಗೆ ಮೂರು ರೂಪಾಯಿ ಉಳಿದರೂ ಇನ್ನೂರು. ಬರೀ ಪೆಟ್ರೋಲಿಗೆಂದು ಬದಿಯಡ್ಕದಿಂದ ಅಲ್ಲಿಗೆ ಹೋದರೆ ಅದೂ ಇಲ್ಲ.

ಇಟ್ಟುಕೊಳ್ಳುವ ಕಷ್ಟಸುಖವೂ ಬೇರೆ. ಕ್ಲಚ್ ಇಲ್ಲ, ಬ್ರೇಕ್ ಪ್ಯಾಡ್ ಜಾಸ್ತಿ ಬಾಳುತ್ತದೆ, ದೊಡ್ಡ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ. ಆದರೆ ಬ್ಯಾಟರಿ ಡಿಕ್ಕಿಯ ಜಾಗ ತಿನ್ನುತ್ತದೆ. ಬಾಳೆಗೊನೆ, ಹಲಸು ಸಾಗಿಸುವವರು ಒಮ್ಮೆ ಡಿಕ್ಕಿ ತೆರೆದು ನೋಡಿಯೇ ಅಡ್ವಾನ್ಸ್ ಕೊಡಿ. ಬ್ಯಾಟರಿ ತಣ್ಣಗಾಗಲು ಗಾಳಿ ಎಳೆಯುವ ಕಿಂಡಿಗೆ ನಮ್ಮ ಮುರಕಲ್ಲಿನ ಕೆಂಪು ಧೂಳು ಕಟ್ಟಿಕೊಳ್ಳಬಾರದು. ಇನ್ನೊಂದು, ಗಲ್ಫಿನವರಿಗೆ ಗೊತ್ತಿರಬೇಕಾದ್ದು. ನಮ್ಮ ಪಕ್ಕದ ಮನೆಯವರು ಎರಡು ತಿಂಗಳು ಶೆಡ್ಡಿನಲ್ಲಿ ಬಿಟ್ಟು ದುಬೈಗೆ ಹೋಗಿ ಬಂದರು. ಕಾರು ಅಲುಗಾಡಲಿಲ್ಲ. ದೊಡ್ಡ ಬ್ಯಾಟರಿಗೆ ಏನೂ ಆಗಿರಲಿಲ್ಲ. ಕಂಪ್ಯೂಟರನ್ನು ಎಬ್ಬಿಸುವ ಮಾಮೂಲಿ 12 ವೋಲ್ಟ್ ಬ್ಯಾಟರಿ ಸತ್ತಿತ್ತು. ಬೇರೆ ಕಾರಾಗಿದ್ದರೆ ನಾಲ್ಕು ಜನ ಸೇರಿ ತಳ್ಳಿ ಸ್ಟಾರ್ಟ್ ಮಾಡುತ್ತಿದ್ದೆವು. ಇದಕ್ಕೆ ಆ ಉಪಾಯ ಇಲ್ಲ. ಅಂದೇ ರಾತ್ರಿ ಜಂಪರ್ ಕೇಬಲ್ ಹುಡುಕಿಕೊಂಡು ನಾವು ಮೂರು ಮನೆ ತಿರುಗಿದೆವು.

2025ರ ಸೆಪ್ಟೆಂಬರ್ 22ರಿಂದ ತೆರಿಗೆ ಮತ್ತೆ ಬದಲಾಯಿತು. ಸಣ್ಣ ಪೆಟ್ರೋಲ್ ಕಾರಿಗೆ 18, ದೊಡ್ಡದಕ್ಕೆ 40. ಗ್ರ್ಯಾಂಡ್ ವಿಟಾರಾದಂಥ ಕಾರಿನಲ್ಲಿ ಮೊದಲು ಪೆಟ್ರೋಲ್‌ಗೆ 45, ಹೈಬ್ರಿಡ್‌ಗೆ 43 ಇತ್ತು. ಈಗ ಎರಡಕ್ಕೂ 40. ಇದ್ದ ಎರಡು ಶೇಕಡದ ರಿಯಾಯಿತಿಯೂ ಹೋಯಿತು. ಎಲೆಕ್ಟ್ರಿಕ್‌ಗೆ ಅದೇ 5.

ಭಾವ ಹಾಳೆಯನ್ನು ಎರಡು ಸಲ ಓದಿದರು. ತಿಂಗಳಿಗೆ ಅವರು ಓಡಿಸುವುದು ಒಂಬೈನೂರೋ ಏನೋ. ಹಾಳೆ ಮಡಚಿ ಸ್ವಿಫ್ಟಿನ ಡ್ಯಾಶ್‌ಬೋರ್ಡಿನೊಳಗೆ ಆರ್‌ಸಿ ಜೊತೆ ಇಟ್ಟರು. ಆರ್‌ಸಿಯ ಹದಿನೈದು ವರ್ಷ ಮುಗಿಯುವುದು 2027ರಲ್ಲಿ.